ಬಿಸಿಲಿಗೆ ರೇಂಜ್ ಬಿತ್ತು: ಬ್ಯಾಟರಿ ನಿಜವಾಗಿ ಸವೆದಿದೆಯಾ, ಅಳೆಯೋದು ಹೇಗೆ?

ಕೌಲ್‌ಬಜಾರ್ ಬಳ್ಳಾರಿ:

ಎಲ್ಲರಿಗೂ ನಮಸ್ಕಾರ. 2021ರಲ್ಲಿ ತಗೊಂಡ ಎಲೆಕ್ಟ್ರಿಕ್ ಕಾರು ನನ್ನದು. ಕಂಪನಿ ಹೆಸರು ಬೇಡ. ಬ್ಯಾಟರಿ 30 ಯೂನಿಟ್‌ನದು, ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಜಾತಿಯದು. ಮೊದಲೆಲ್ಲ ಬಳ್ಳಾರಿಯಿಂದ ಹೊಸಪೇಟೆಗೆ ಹೋಗಿ, ಅಲ್ಲಿ ಊರೊಳಗೆ ಓಡಾಡಿ ವಾಪಸ್ ಬಂದರೂ ಚಾರ್ಜ್ ಧಾರಾಳವಾಗಿ ಉಳಿಯುತ್ತಿತ್ತು. ಈ ಬೇಸಿಗೆಯಲ್ಲಿ ಹಾಗಿಲ್ಲ. ಮೊನ್ನೆ ವಾಪಸ್ ಬರುವಾಗ ಕುಡತಿನಿ ಹತ್ತಿರ 18 ಪರ್ಸೆಂಟ್ ತೋರಿಸುತ್ತಿತ್ತು. ಮುಂದಿನ ಲಾರಿಯನ್ನು ಓವರ್‌ಟೇಕ್ ಮಾಡಲು ಸ್ವಲ್ಪ ಒತ್ತಿದೆ ನೋಡಿ, ಒಂದೇ ಏಟಿಗೆ 9ಕ್ಕೆ ಇಳಿಯಿತು. ಏಸಿ ಆಫ್ ಮಾಡಿ, ಕಿಟಕಿ ತೆಗೆದು, ಆ ಬಿಸಿಗಾಳಿಯಲ್ಲಿ ನಿಧಾನಕ್ಕೆ ಮನೆ ಸೇರಿದೆವು. ಹಿಂದಿನ ಸೀಟಿನಲ್ಲಿ ವಯಸ್ಸಾದ ಅಮ್ಮ ಇದ್ದರು.

ಸರ್ವಿಸ್ ಸೆಂಟರಿನಲ್ಲಿ ಲ್ಯಾಪ್‌ಟಾಪ್ ಹಚ್ಚಿ ನೋಡಿ "ಎಲ್ಲಾ ನಾರ್ಮಲ್ ಇದೆ ಸರ್" ಅಂದರು. ಎಷ್ಟು ಪರ್ಸೆಂಟ್ ಉಳಿದಿದೆ ಅಂತ ಕೇಳಿದರೆ ಅಂಕಿ ಹೇಳುವುದಿಲ್ಲ. ಬರೆದು ಕೊಡುವುದಂತೂ ದೂರದ ಮಾತು. ಹೊರಗಿನ ಗ್ಯಾರೇಜಿನವರು "ಬ್ಯಾಟರಿ ಹೋಗಿದೆ, ಬದಲಾಯಿಸಿಬಿಡಿ, ಲಕ್ಷಗಟ್ಟಲೆ ಆಗುತ್ತೆ" ಅಂತಾರೆ. ಒಬ್ಬರು ಏನೂ ಆಗಿಲ್ಲ ಅಂತಾರೆ, ಇನ್ನೊಬ್ಬರು ಎಲ್ಲಾ ಮುಗಿದಿದೆ ಅಂತಾರೆ. ಯಾರನ್ನು ನಂಬೋದು? ನಾವೇ ಅಳೆದು ನೋಡೋ ದಾರಿ ಇದೆಯಾ?

ಸಿಂಧನೂರು ರೈಸ್‌ಮಿಲ್:

ಅಣ್ಣಾರೇ, ನನ್ನ ಗಾಡಿಯೂ ಏಪ್ರಿಲ್, ಮೇ ತಿಂಗಳಲ್ಲಿ ಕಡಿಮೆ ಓಡುತ್ತದೆ. ಮಳೆ ಶುರುವಾದ ಮೇಲೆ ಮತ್ತೆ ಸರಿಹೋಗುತ್ತದೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಮಧ್ಯಾಹ್ನ 42 ಡಿಗ್ರಿಯಲ್ಲಿ ಏಸಿ ಎಷ್ಟು ಎಳೆಯುತ್ತೆ ನೀವೇ ಯೋಚನೆ ಮಾಡಿ.

ತೋರಣಗಲ್ಲು ಎಲೆಕ್ಟ್ರಿಕಲ್:

ಮಿಲ್ಲಿನವರು ಹೇಳಿದ್ದು ಅರ್ಧ ಸರಿ. ಇನ್ನರ್ಧಕ್ಕೆ ತಲೆ ಕೆಡಿಸಿಕೊಳ್ಳಲೇಬೇಕು. ನಾನು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದೇನೆ, ಮನೆಯಲ್ಲೂ ಇಂಥದ್ದೇ ಕಾರಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಬೇಡ.

ಮೂರು ಬೇರೆ ಬೇರೆ ವಿಷಯಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ರೇಂಜ್ ಕಡಿಮೆಯಾಗುವುದು ಒಂದು. ಡ್ಯಾಶ್‌ಬೋರ್ಡ್ ತಪ್ಪು ಪರ್ಸೆಂಟ್ ತೋರಿಸುವುದು ಇನ್ನೊಂದು. ಬ್ಯಾಟರಿ ನಿಜವಾಗಿ ಸವೆಯುವುದು ಮೂರನೆಯದು. ಏಸಿ, ಎದುರುಗಾಳಿ, ಟೈರಿನಲ್ಲಿ ಗಾಳಿ ಕಡಿಮೆ ಇರುವುದು, ನೂರರ ಸ್ಪೀಡು, ಇವೆಲ್ಲ ರೇಂಜ್ ತಿನ್ನುತ್ತವೆ. ಬ್ಯಾಟರಿಗೆ ಏನೂ ಆಗಿರುವುದಿಲ್ಲ. ಆದರೆ 18ರಿಂದ 9ಕ್ಕೆ ಒಮ್ಮೆಲೇ ಇಳಿಯುವುದು ಏಸಿಯ ಕೆಲಸ ಅಲ್ಲ. ಸಾಮಾನ್ಯ ಸವೆತವೂ ಅಲ್ಲ. ಸವೆದ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಆದರೆ ಒಂದೇ ಹದದಲ್ಲಿ ಇಳಿಯುತ್ತದೆ. ಹೀಗೆ ಜಿಗಿಯುವುದಿಲ್ಲ.

ಜಿಗಿತಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಮೊದಲನೆಯದು ಬಿಎಂಎಸ್, ಅಂದರೆ ಬ್ಯಾಟರಿಯನ್ನು ನೋಡಿಕೊಳ್ಳುವ ಕಂಪ್ಯೂಟರ್, ಲೆಕ್ಕ ತಪ್ಪಿರುವುದು. ಎಲ್‌ಎಫ್‌ಪಿ ಸೆಲ್ಲಿನ ವೋಲ್ಟೇಜ್ ಮಧ್ಯದಲ್ಲಿ ಬಹುತೇಕ ಮಟ್ಟಸವಾಗಿ ಇರುತ್ತದೆ. 70 ಪರ್ಸೆಂಟ್ ಇದ್ದರೂ 40 ಇದ್ದರೂ 3.2, 3.3 ವೋಲ್ಟ್ ಆಸುಪಾಸು. ಹಾಗಾಗಿ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲು ಆಗುವುದಿಲ್ಲ. ಒಳಗೆ ಹೋದ ಕರೆಂಟ್, ಹೊರಗೆ ಬಂದ ಕರೆಂಟ್ ಕೂಡಿ ಕಳೆದು ಲೆಕ್ಕ ಹಾಕುತ್ತಿರುತ್ತದೆ. ಸಣ್ಣ ಸಣ್ಣ ತಪ್ಪು ಸೇರಿ ಸೇರಿ ದೊಡ್ಡದಾಗುತ್ತವೆ. ಪೂರ್ತಿ 100ಕ್ಕೆ ಮುಟ್ಟಿದಾಗ, ಇಲ್ಲವೇ ತೀರಾ ಕೆಳಗೆ ಇಳಿದಾಗ ಮಾತ್ರ ಅದಕ್ಕೆ ಗಟ್ಟಿ ಗುರುತು ಸಿಗುತ್ತದೆ. ನೀವು ಎಷ್ಟಕ್ಕೆ ಚಾರ್ಜ್ ನಿಲ್ಲಿಸುತ್ತೀರಿ?

ಎರಡನೆಯದು ಒಂದು ಸೆಲ್ ಸೋತಿರುವುದು. ನಿಮ್ಮಂಥ ಪ್ಯಾಕಿನಲ್ಲಿ ಸುಮಾರು ನೂರು ಸೆಲ್‌ಗಳು ಸಾಲಾಗಿ ಕೂತಿರುತ್ತವೆ, ಎಲ್ಲ ಸೇರಿ 320 ವೋಲ್ಟ್ ಆಸುಪಾಸು. ಜೋಡೆತ್ತಿನಲ್ಲಿ ಒಂದು ಎತ್ತು ಕುಳಿತರೆ ಬಂಡಿ ನಿಂತ ಹಾಗೆ, ಒಂದು ಸೆಲ್ ಖಾಲಿಯಾದರೆ ಉಳಿದವುಗಳಲ್ಲಿ ಎಷ್ಟೇ ಚಾರ್ಜ್ ಇದ್ದರೂ ಬಿಎಂಎಸ್ ಪರ್ಸೆಂಟನ್ನು ಕೆಳಗಿಳಿಸಲೇಬೇಕು.

ಕೌಲ್‌ಬಜಾರ್ ಬಳ್ಳಾರಿ:

ಕಾರು ಕೊಡುವಾಗ ಎಲ್ಲರೂ 80ಕ್ಕೆ ನಿಲ್ಲಿಸಿ ಅಂದಿದ್ದರು. ಹಾಗೇ ನಡೆಸಿಕೊಂಡು ಬಂದಿದ್ದೇನೆ. ದೂರ ಹೋಗುವಾಗ ಮಾತ್ರ 100.

ತೋರಣಗಲ್ಲು ಎಲೆಕ್ಟ್ರಿಕಲ್:

80ರ ಮಾತು ಎನ್‌ಎಂಸಿ ಅನ್ನುವ ಇನ್ನೊಂದು ಜಾತಿಯ ಲಿಥಿಯಂ ಬ್ಯಾಟರಿಗೆ ಸರಿಯಾದ ಮಾತು. ಎಲ್‌ಎಫ್‌ಪಿಗೆ ಆಗಾಗ ಪೂರ್ತಿ ಚಾರ್ಜ್ ಬೇಕೇ ಬೇಕು. ಎಷ್ಟು ದಿನಕ್ಕೊಮ್ಮೆ ಅಂತ ನಿಮ್ಮ ಮ್ಯಾನುಯಲ್‌ನಲ್ಲೇ ಇರುತ್ತದೆ. ಫಾಸ್ಟ್ ಚಾರ್ಜರ್‌ನಲ್ಲಿ ಅಲ್ಲ, ಮನೆಯ 15 ಆಂಪ್ ಸಾಕೆಟ್‌ನಲ್ಲಿ ಹಾಕಿ. 100 ತೋರಿಸಿದ ಕೂಡಲೇ ಪ್ಲಗ್ ಕೀಳಬೇಡಿ. ಕಾರು ತಾನಾಗಿ ನಿಲ್ಲಿಸುವವರೆಗೆ ಬಿಡಿ. ಸೆಲ್‌ಗಳನ್ನು ಸಮ ಮಾಡುವ ಕೆಲಸ ಆ ಕೊನೆಯ ಹೊತ್ತಿನಲ್ಲೇ ಆಗೋದು. ನಾಲ್ಕೈದು ಸಲ ಹೀಗೆ ಮಾಡಿ, ಆಮೇಲೆ ಅಳೆಯೋಣ. ಲೆಕ್ಕ ತಪ್ಪಿದ ಬಿಎಂಎಸ್ ಇಟ್ಟುಕೊಂಡು ಅಳೆದರೆ ಬರುವ ಅಂಕಿಗೆ ಬೆಲೆ ಇಲ್ಲ.

ಅಳೆಯುವುದಕ್ಕೆ ಎರಡು ದಾರಿ, ಎರಡನ್ನೂ ಮಾಡಿ.

ಒಂದು ಓಬಿಡಿ ಡಾಂಗಲ್. ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಚುಚ್ಚಿ ಫೋನಿನ ಆಪ್‌ನಲ್ಲಿ ನೋಡುವುದು. ನಿಮ್ಮ ಮಾಡೆಲ್‌ಗೆ ಆಪ್ ಹೊಂದಬೇಕು, ಅದನ್ನು ಮೊದಲು ಖಾತ್ರಿ ಮಾಡಿಕೊಳ್ಳಿ. ಎಸ್‌ಒಎಚ್ ಅಂತ ಒಂದು ಪರ್ಸೆಂಟ್ ಬರುತ್ತದೆ, ಹೊಸದರಲ್ಲಿ 100 ಇದ್ದದ್ದು ಈಗ ಎಷ್ಟು ಅಂತ. ಎಲ್ಲರೂ ಅದನ್ನೇ ನೋಡಿ ಡಾಂಗಲ್ ಕಿತ್ತಿಡುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಮುಖ್ಯ ಅಂಕಿ ಸೆಲ್ ವೋಲ್ಟೇಜ್. ಎಲ್ಲಕ್ಕಿಂತ ಹೆಚ್ಚು ಯಾವುದು, ಎಲ್ಲಕ್ಕಿಂತ ಕಡಿಮೆ ಯಾವುದು, ನಡುವೆ ಎಷ್ಟು ಅಂತರ. 50 ಪರ್ಸೆಂಟ್ ಇದ್ದಾಗ ನೋಡಿದರೆ ಎಲ್ಲ ಸೆಲ್ಲೂ ಚೆನ್ನಾಗೇ ಕಾಣುತ್ತವೆ. 15ಕ್ಕಿಂತ ಕೆಳಗೆ ಇಳಿದಾಗ ನೋಡಿ, ಸೋತದ್ದು ಆಗ ಸಿಕ್ಕಿಬೀಳುತ್ತದೆ. ನಿಮ್ಮ ಸರ್ವಿಸ್ ಸೆಂಟರಿನವರು ಗಾಡಿ ಅರ್ಧ ಚಾರ್ಜ್ ಇದ್ದಾಗ ಲ್ಯಾಪ್‌ಟಾಪ್ ಹಚ್ಚಿದ್ದರೆ "ನಾರ್ಮಲ್" ಅಂತಲೇ ಬರುತ್ತದೆ.

ಇನ್ನೊಂದು ಗೋಡೆಯ ಮೀಟರ್. ಚಾರ್ಜಿಂಗ್ ಸಾಕೆಟ್‌ಗೆ ಮೊದಲು ಒಂದು ಡಿಜಿಟಲ್ ಸಬ್‌ಮೀಟರ್ ಹಾಕಿಸಿ. ಕಾರನ್ನು 15ರ ಹತ್ತಿರಕ್ಕೆ ಇಳಿಸಿ, ರಾತ್ರಿ ತಂಪಿನಲ್ಲಿ 100ಕ್ಕೆ ತುಂಬಿಸಿ, ಎಷ್ಟು ಯೂನಿಟ್ ಎಳೆಯಿತು ಬರೆದಿಡಿ. ಹಗಲು ಬೇಡ, ಬ್ಯಾಟರಿ ತಂಪು ಮಾಡುವ ಪಂಪು, ಏಸಿ ಅದರಲ್ಲೇ ಪಾಲು ತಿನ್ನುತ್ತವೆ. ಎಳೆದದ್ದೆಲ್ಲ ಬ್ಯಾಟರಿಗೆ ಸೇರುವುದಿಲ್ಲ. ಚಾರ್ಜರ್‌ನಲ್ಲಿ 10ರಿಂದ 15 ಪರ್ಸೆಂಟ್ ಬಿಸಿಯಾಗಿ ಹೋಗುತ್ತದೆ. ಅದನ್ನು ಕಳೆದು ಲೆಕ್ಕ ಹಾಕಿ. ಎರಡು ಮೂರು ಪರ್ಸೆಂಟ್ ಆಚೀಚೆ ಆಗಬಹುದು, ಆದರೆ 95 ಇದೆಯೋ 75 ಇದೆಯೋ ಅನ್ನುವುದಂತೂ ಗೊತ್ತಾಗುತ್ತದೆ.

ಶಕ್ತಿನಗರ ರಾಯಚೂರು:

ಒಂದು ಮಾತು ಸೇರಿಸುತ್ತೇನೆ. ಚಾರ್ಜ್ ಮಧ್ಯದಲ್ಲೇ ನಿಂತುಹೋಗುತ್ತಿದ್ದರೆ ಬ್ಯಾಟರಿಯನ್ನು ಬೈಯುವ ಮೊದಲು ಅರ್ಥಿಂಗ್ ನೋಡಿ. ನಮ್ಮ ಕಡೆ ಬೇಸಿಗೆಯಲ್ಲಿ ನೆಲ ಒಣಗಿ ಬಿರಿಯುತ್ತದೆ. ಅರ್ಥಿಂಗ್ ಗುಂಡಿ ಒಣಗಿದರೆ ಚಾರ್ಜರ್ ಕೆಂಪು ಲೈಟ್ ತೋರಿಸಿ ಸುಮ್ಮನಾಗುತ್ತದೆ. ಗುಂಡಿಗೆ ಇದ್ದಿಲು, ಉಪ್ಪು ಇದೆಯಾ ನೋಡಿ, ನೀರು ಹಾಕುತ್ತಾ ಇರಿ.

ಹಾಗೇ 12 ವೋಲ್ಟಿನ ಸಣ್ಣ ಬ್ಯಾಟರಿಯನ್ನು ಮರೆಯಬೇಡಿ. ಅದು ಸತ್ತರೆ ದೊಡ್ಡ ಬ್ಯಾಟರಿ ಫುಲ್ ಇದ್ದರೂ ಕಾರು ಆನ್ ಆಗುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಏನೇನೋ ವಾರ್ನಿಂಗ್ ಬರುತ್ತವೆ. ನಮ್ಮ ಬಿಸಿಲಿಗೆ ಲೆಡ್ ಆಸಿಡ್ ಬ್ಯಾಟರಿ ಬೇಗ ಹೋಗುತ್ತದೆ. ಕೆಲವು ಸಾವಿರಕ್ಕೆ ಮುಗಿಯುವ ಕೆಲಸಕ್ಕೆ ಲಕ್ಷದ ಮಾತು ಕೇಳಿ ಹೆದರಿದವರನ್ನು ನೋಡಿದ್ದೇನೆ.

ಗಂಗಾವತಿ ಟೀಚರ್:

ಸರ್, ನಮ್ಮ ಕಡೆ ಬಿಸಿಲಿಗೇ ಬ್ಯಾಟರಿ ಹಾಳಾಗುತ್ತೆ ಅಂತ ಎಲ್ಲರೂ ಹೆದರಿಸುತ್ತಾರೆ. ಎಷ್ಟು ನಿಜ? ಸೆಕೆಂಡ್ ಹ್ಯಾಂಡ್ ಒಂದು ತಗೊಳ್ಳೋ ಯೋಚನೆ ಇದೆ, ಅದಕ್ಕೆ ಕೇಳ್ತಿದ್ದೀನಿ.

ತೋರಣಗಲ್ಲು ಎಲೆಕ್ಟ್ರಿಕಲ್:

ಮೇಡಂ, ಬಿಸಿಲು ಬ್ಯಾಟರಿಯ ಶತ್ರು ಅನ್ನುವುದು ನಿಜ. ಸೆಲ್ಲಿನ ಒಳಗೆ ಬೇಡದ ರಾಸಾಯನಿಕ ಕ್ರಿಯೆ ನಡೆಯುತ್ತಲೇ ಇರುತ್ತದೆ, ಗಾಡಿ ನಿಂತಿದ್ದರೂ. ಪ್ರತಿ 10 ಡಿಗ್ರಿ ಏರಿದರೆ ಅದರ ವೇಗ ಹೆಚ್ಚುಕಡಿಮೆ ದುಪ್ಪಟ್ಟು ಅಂತ ಒರಟು ಲೆಕ್ಕ ಇದೆ. ಅಮೆರಿಕದ ಅರಿಜೋನದಲ್ಲಿ, ನಮ್ಮ ರಾಯಚೂರಿನ ಹಾಗೇ ಸುಡುವ ಊರುಗಳಲ್ಲಿ, 2012ರ ಹೊತ್ತಿಗೆ ನಿಸಾನ್ ಲೀಫ್ ಕಾರಿನ ಮಾಲೀಕರು ದೂರು ಶುರು ಮಾಡಿದರು. ಎರಡು ವರ್ಷವೂ ತುಂಬದ ಗಾಡಿಗಳಲ್ಲಿ ಬ್ಯಾಟರಿ ಬಾರ್ ಒಂದೊಂದಾಗಿ ಮಾಯವಾಗುತ್ತಿದ್ದವು. ಆ ಕಾರಿನ ಬ್ಯಾಟರಿಗೆ ನೀರಿನ ಕೂಲಿಂಗ್ ಇರಲಿಲ್ಲ. ಜನ ಬಿಡದೆ ಕೇಳಿದ್ದಕ್ಕೆ 2013ರಲ್ಲಿ ಕಂಪನಿ 5 ವರ್ಷ ಅಥವಾ 60,000 ಮೈಲಿಯವರೆಗೆ, 12 ಬಾರ್‌ನಲ್ಲಿ 9ಕ್ಕಿಂತ ಕೆಳಗೆ ಇಳಿದರೆ ಸರಿಮಾಡಿಕೊಡುವ ವಾರಂಟಿ ಕೊಟ್ಟಿತು.

ಈಗ ನಮ್ಮಲ್ಲಿ ಓಡುವ ಹೆಚ್ಚಿನ ಕಾರುಗಳಲ್ಲಿ ಬ್ಯಾಟರಿ ಸುತ್ತ ಕೂಲಂಟ್ ಹರಿಯುತ್ತದೆ. ನೀವು ತಗೊಳ್ಳುವ ಮಾಡೆಲ್‌ನಲ್ಲಿ ಅದು ಇದೆಯಾ ಅಂತ ಮೊದಲು ಕೇಳಿ. ಚಿಕ್ಕ ಕಾರುಗಳಲ್ಲಿ ಇಲ್ಲದಿರುವುದೂ ಉಂಟು. ಇದ್ದರೂ ಸಾಲದು. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಗಳ ಮುಂದಿನ ಗ್ರಿಲ್ ಒಳಗೆ ಟಾರ್ಚ್ ಬಿಟ್ಟು ನೋಡಿ. ರೇಡಿಯೇಟರ್ ರೆಕ್ಕೆಗಳ ಸಂದಿಯಲ್ಲಿ ಕೆಂಪು ಅದಿರಿನ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಗಾಳಿ ದಾಟದಿದ್ದರೆ ಕೂಲಂಟ್ ತಣ್ಣಗಾಗುವುದು ಎಲ್ಲಿಂದ? ಸರ್ವಿಸ್‌ನಲ್ಲಿ ಬಾಡಿ ತೊಳೆದು ಕಳಿಸುತ್ತಾರೆ, ಇದನ್ನು ಯಾರೂ ಮುಟ್ಟುವುದಿಲ್ಲ. ಕೇಳಿ ಮಾಡಿಸಬೇಕು. ಜೋರು ಪ್ರೆಶರ್ ಹಿಡಿದರೆ ರೆಕ್ಕೆ ಮಡಚಿಕೊಳ್ಳುತ್ತವೆ, ಮೆಲ್ಲಗೆ ತೊಳೆಸಿ. ಕೂಲಂಟ್ ಮಟ್ಟವನ್ನೂ ನೋಡಿಸಿ.

ನನಗೆ ಮುಖ್ಯ ಅನಿಸೋದು ಇದು: ಬಿಸಿ ಒಂದೇ ಇದ್ದರೂ, ಫುಲ್ ಚಾರ್ಜ್ ಒಂದೇ ಇದ್ದರೂ ಸ್ವಲ್ಪ ಸವೆತ ಇದ್ದೇ ಇದೆ. ಎರಡೂ ಸೇರಿ ಗಂಟೆಗಟ್ಟಲೆ ಇರುವುದೇ ಬ್ಯಾಟರಿಯನ್ನು ಹೆಚ್ಚು ತಿನ್ನೋದು. 100 ತುಂಬಿಸಿ ತಗಡಿನ ಶೆಡ್ಡಿನಲ್ಲಿ ಮೇ ತಿಂಗಳ ಮಧ್ಯಾಹ್ನ ಪೂರ್ತಿ ನಿಲ್ಲಿಸಬೇಡಿ. ಬೆಳಗಿನ ಜಾವ ಮುಗಿಯುವ ಹಾಗೆ ಟೈಮರ್ ಇಟ್ಟು, ಎದ್ದು ಓಡಿಸಿ. ರಜೆಗೆ ಊರಿಗೆ ಹೋಗುವುದಿದ್ದರೆ ಅರ್ಧ ಚಾರ್ಜಿನಲ್ಲಿ ಬೇವಿನ ಮರದ ನೆರಳಲ್ಲಿ ಬಿಟ್ಟು ಹೋಗಿ. ಹೈವೇಯಲ್ಲಿ ಬಿಸಿಯಾಗಿ ಬಂದ ಗಾಡಿಗೆ ಬಂದ ಕೂಡಲೇ ಪ್ಲಗ್ ಹಾಕದೆ ಸ್ವಲ್ಪ ಆರಲು ಬಿಡಿ.

ಹೊಸಪೇಟೆ ಟ್ಯಾಕ್ಸಿ:

ಇದೆಲ್ಲ ಸ್ವಂತ ಗಾಡಿಯವರಿಗೆ ಆಗುತ್ತೆ ಸರ್. ಹಂಪಿ ಬಾಡಿಗೆ ಹೊಡೆಯುವವರು ನಾವು, ಮಧ್ಯಾಹ್ನವೇ ಫಾಸ್ಟ್ ಚಾರ್ಜರ್‌ಗೆ ಹಾಕಬೇಕು. ಬೇರೆ ದಾರಿ ಇಲ್ಲ. ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರ್ ಅಂತಾರೆ. ನಮಗೆ ಕಿಲೋಮೀಟರೇ ಮೊದಲು ಮುಗಿಯೋದು, ವರ್ಷ ಅಲ್ಲ. ಈಗ ಹೊಸ ಕಾರುಗಳಿಗೆ ಲೈಫ್‌ಟೈಮ್ ವಾರಂಟಿ ಅಂತ ಜಾಹೀರಾತು ಬರ್ತಿದೆ, ಅದು ಹಳದಿ ಬೋರ್ಡಿಗೂ ಸಿಗುತ್ತಾ?

ಶಕ್ತಿನಗರ ರಾಯಚೂರು:

2025ರಲ್ಲಿ ಟಾಟಾದವರು ನೆಕ್ಸಾನ್‌ನ 45 ಯೂನಿಟ್ ಮಾಡೆಲ್‌ಗೂ ಕರ್ವ್‌ಗೂ ಕೊಟ್ಟ ಲೈಫ್‌ಟೈಮ್ ವಾರಂಟಿ ಸ್ವಂತ ಬಳಕೆಯ ಮೊದಲ ಮಾಲೀಕರಿಗೆ, ಅದೂ ನೋಂದಣಿಯಿಂದ 15 ವರ್ಷದ ಲೆಕ್ಕ. ಹಳದಿ ಬೋರ್ಡು ಅದರಲ್ಲಿ ಬರುವುದಿಲ್ಲ. ಮಹೀಂದ್ರ, ಎಂಜಿಯವರೂ ಕೆಲವು ಮಾಡೆಲ್‌ಗೆ ಇಂಥದ್ದನ್ನು ಮೊದಲ ಮಾಲೀಕರಿಗೆ ಕೊಟ್ಟಿದ್ದಾರೆ. ಕೈ ಬದಲಾದರೆ ಷರತ್ತು ಬದಲಾಗುತ್ತದೆ. ಗಂಗಾವತಿ ಟೀಚರ್, ನಿಮಗೂ ಇದೇ ಉತ್ತರ. ಮಾರುವವರು "ಲೈಫ್‌ಟೈಮ್ ಇದೆ" ಅಂದರೆ ಅದು ಅವರ ಹೆಸರಿನಲ್ಲಿ ಇರೋದು. ನಿಮ್ಮ ಹೆಸರಿಗೆ ಬಂದಾಗ ಏನು ಉಳಿಯುತ್ತೆ ಅಂತ ವಾರಂಟಿ ಪುಸ್ತಕದಲ್ಲಿ ಓದಿ.

ಇನ್ನೊಂದು ವಿಷಯ. 2024ರ ಸೆಪ್ಟೆಂಬರಿನಲ್ಲಿ ಎಂಜಿಯ ವಿಂಡ್ಸರ್ ಕಾರು ಬಂದಾಗಿನಿಂದ ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಪದ್ಧತಿಯೂ ಬಂದಿದೆ. ಕಾರಿನ ಬೆಲೆ ಕಡಿಮೆ, ಬ್ಯಾಟರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಕಟ್ಟುವುದು. ಶುರುವಿನಲ್ಲಿ ಕಿಲೋಮೀಟರಿಗೆ 3.5 ರೂಪಾಯಿ ಇತ್ತು. ಅಂಥ ಗಾಡಿ ಸೆಕೆಂಡ್ ಹ್ಯಾಂಡ್ ಬಂದರೆ ಬ್ಯಾಟರಿ ಮೇಲಿನ ಬಾಕಿ ತೀರಿದೆಯಾ, ಫೈನಾನ್ಸ್‌ನವರ ಎನ್‌ಒಸಿ ಇದೆಯಾ ನೋಡದೆ ಅಡ್ವಾನ್ಸ್ ಕೊಡಬೇಡಿ.

ಸಿಂಧನೂರು ರೈಸ್‌ಮಿಲ್:

ಬದಲಾಯಿಸೋದೇ ಆದರೆ ಖರ್ಚು ಎಷ್ಟು? ನನಗೆ ಒಬ್ಬರು ಕಂಪನಿ ರೇಟಿನ ಅರ್ಧಕ್ಕೆ ಹೊರಗಡೆಯ ಪ್ಯಾಕ್ ಹಾಕಿಕೊಡುತ್ತೇವೆ ಅಂದಿದ್ದಾರೆ.

ತೋರಣಗಲ್ಲು ಎಲೆಕ್ಟ್ರಿಕಲ್:

ಅಣ್ಣಾ, ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. 300 ವೋಲ್ಟ್ ಡಿಸಿ ಅಂದರೆ ಜೀವ ತೆಗೆಯುವಷ್ಟು ಅಪಾಯ. ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟ್ ನಿಂತಿರುತ್ತದೆ. ಪ್ಯಾಕ್ ಒಳಗಂತೂ ಆಫ್ ಅನ್ನುವುದೇ ಇಲ್ಲ, ಸೆಲ್ ಯಾವಾಗಲೂ ಜೀವಂತ. ಕಂಪನಿ ಪ್ಯಾಕ್ ಎಐಎಸ್-038 ಅನ್ನುವ ಸುರಕ್ಷತಾ ಪರೀಕ್ಷೆ ದಾಟಿ ಬಂದಿರುತ್ತದೆ. ಹೊರಗೆ ಕಟ್ಟಿದ್ದಕ್ಕೆ ಆ ಖಾತ್ರಿ ಇಲ್ಲ. ಕಾರಿನ ಕಂಪ್ಯೂಟರ್ ಅದರ ಜೊತೆ ಮಾತಾಡದೇ ಇರಬಹುದು. ಬೆಂಕಿ ಬಿದ್ದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ಪ್ಯಾಕ್ ಯಾರು ಹಾಕಿದ್ದು ಅಂತ.

ಖರ್ಚಿನ ಅಂದಾಜು ಹೇಳುತ್ತೇನೆ. ಬ್ಲೂಮ್‌ಬರ್ಗ್‌ಎನ್‌ಇಎಫ್ ಅನ್ನುವ ಸಂಶೋಧನಾ ಸಂಸ್ಥೆಯ ಸಮೀಕ್ಷೆ ಪ್ರಕಾರ 2010ರಲ್ಲಿ ಒಂದು ಯೂನಿಟ್ ಬ್ಯಾಟರಿಗೆ 1,000 ಡಾಲರ್‌ಗಿಂತ ಜಾಸ್ತಿ ಇತ್ತು. 2024ರಲ್ಲಿ ಜಗತ್ತಿನ ಸರಾಸರಿ 115 ಡಾಲರ್. 30 ಯೂನಿಟ್‌ಗೆ ಸುಮಾರು ಮೂರು ಲಕ್ಷ ರೂಪಾಯಿ ಆಯಿತು. ಇದು ಕಾರು ಕಂಪನಿಗಳು ಸಗಟಿಗೆ ಕೊಡುವ ದರ. ನಮಗೆ ಬಿಡಿಭಾಗವಾಗಿ ಬರುವಾಗ ಸಾಗಣೆ, ಲಾಭ, ಕೂಲಿ ಎಲ್ಲ ಸೇರಿ ಇನ್ನೂ ಎಷ್ಟೋ ಜಾಸ್ತಿ. ತೆರಿಗೆಯಲ್ಲೂ ವ್ಯತ್ಯಾಸ ಇದೆ. ಕಾರಿನ ಜೊತೆ ಬಂದರೆ ಜಿಎಸ್‌ಟಿ 5 ಪರ್ಸೆಂಟ್, ಬ್ಯಾಟರಿ ಮಾತ್ರ ಕೊಂಡರೆ 18. ಇದು ನನಗೆ ಅನ್ಯಾಯ ಅನಿಸುತ್ತದೆ. ಹಳೇ ಗಾಡಿಗೆ ಹೊಸ ಜೀವ ಕೊಡುವವರಿಗೆ ಮೂರು ಪಟ್ಟಿಗಿಂತ ಜಾಸ್ತಿ ತೆರಿಗೆ ಯಾಕೆ?

ಅದಕ್ಕೇ ಪೂರ್ತಿ ಪ್ಯಾಕ್ ಮಾತು ಕೊನೆಗೆ ಬರಲಿ. ಸೋತಿರುವುದು ಒಂದು ಸೆಲ್ ಆದರೆ ಅದು ಕೂತಿರುವ ಮಾಡ್ಯೂಲ್, ಅಂದರೆ ಸೆಲ್‌ಗಳ ಗೊಂಚಲು, ಒಂದನ್ನೇ ಬದಲಾಯಿಸಬಹುದು. ಆದರೆ ಹಾಕುವ ಮಾಡ್ಯೂಲ್ ಉಳಿದವುಗಳ ಹದಕ್ಕೆ ಹೊಂದಬೇಕು, ಹಾಕುವ ಮೊದಲು ವೋಲ್ಟೇಜ್ ಸಮ ಮಾಡಬೇಕು. ಇಲ್ಲದಿದ್ದರೆ ಸ್ವಲ್ಪ ದಿನದಲ್ಲೇ ಮತ್ತೆ ಅದೇ ಕಥೆ. ಹಾಗಾಗಿ ಇದು ಕಂಪನಿಯ ತರಬೇತಿ ಪಡೆದವರ ಕೆಲಸ. ಪೂರ್ತಿ ಬದಲಾಯಿಸಿದರೆ ಹಳೇ ಪ್ಯಾಕನ್ನು ಗುಜರಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದಲ್ಲಿ ಅದನ್ನು ವಾಪಸ್ ಪಡೆಯುವ ಜವಾಬ್ದಾರಿ ತಯಾರಕರ ಮೇಲಿದೆ.

ಕೌಲ್‌ಬಜಾರ್ ಬಳ್ಳಾರಿ:

ಹೇಳಿದ ಹಾಗೆಲ್ಲ ಮಾಡಿದೆ. ಪೂರ್ತಿ ಚಾರ್ಜ್‌ಗಳು ಆದ ಮೇಲೆ ಮೇಲಿನ ಅರ್ಧದಲ್ಲಿ ಪರ್ಸೆಂಟ್ ಈಗ ಒಂದೇ ಹದದಲ್ಲಿ ಇಳಿಯುತ್ತದೆ. ಕೆಳಗಿನ ಜಿಗಿತ ಮಾತ್ರ ಹೋಗಿಲ್ಲ.

ಸಬ್‌ಮೀಟರ್ ಲೆಕ್ಕ: 15ರಿಂದ 100ಕ್ಕೆ 25 ಯೂನಿಟ್ ಎಳೆಯಿತು. 12 ಪರ್ಸೆಂಟ್ ನಷ್ಟ ಕಳೆದರೆ 22. ಅದನ್ನು 0.85ರಿಂದ ಭಾಗಿಸಿದರೆ 25.9. 30ಕ್ಕೆ ಹೋಲಿಸಿದರೆ 86 ಪರ್ಸೆಂಟ್. ಡಾಂಗಲ್‌ನಲ್ಲಿ ಎಸ್‌ಒಎಚ್ 89 ತೋರಿಸುತ್ತದೆ.

ಸೆಲ್ ವೋಲ್ಟೇಜ್: 50 ಪರ್ಸೆಂಟ್ ಇದ್ದಾಗ ಎಲ್ಲವೂ 3.29, 3.30. 12ಕ್ಕೆ ಇಳಿದಾಗ ಎಲ್ಲವೂ 3.17ರ ಮೇಲೆ, ಒಂದು ಮಾತ್ರ 2.98. ಸ್ವಲ್ಪ ಆಕ್ಸಿಲರೇಟರ್ ಒತ್ತಿದರೆ ಅದೊಂದೇ ಇನ್ನೂ ಕೆಳಗೆ ಕುಸಿಯುತ್ತದೆ. ಪ್ರತಿ ಸಲ ಅದೇ ನಂಬರಿನ ಸೆಲ್. ಸ್ಕ್ರೀನ್‌ಶಾಟ್ ಎಲ್ಲಾ ಇಟ್ಟಿದ್ದೇನೆ.

ತೋರಣಗಲ್ಲು ಎಲೆಕ್ಟ್ರಿಕಲ್:

ಸಿಕ್ಕಿತಲ್ಲ! ನಿಮ್ಮ ಬ್ಯಾಟರಿ ಹೋಗಿಲ್ಲ. ನಮ್ಮ ಬಿಸಿಲಿಗೆ, ಇಷ್ಟು ವರ್ಷಕ್ಕೆ 86 ಅಂದರೆ ಗಾಬರಿಯಾಗುವ ಅಂಕಿ ಅಲ್ಲ. ಒಂದು ಸೆಲ್ ಸೋತಿದೆ, ಅಷ್ಟೇ.

ಈಗ ದೂರು ಹೇಗೆ ಬರೆಯುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. "ರೇಂಜ್ ಕಡಿಮೆ ಆಗಿದೆ" ಅಂತ ಬರೆದರೆ ಅವರು ಎಸ್‌ಒಎಚ್ ನೋಡುತ್ತಾರೆ. ಎಷ್ಟೋ ಕಂಪನಿಗಳ ವಾರಂಟಿಯಲ್ಲಿ 70ಕ್ಕಿಂತ ಕೆಳಗೆ ಇಳಿದರೆ ಮಾತ್ರ ಸವೆತ ಅಂತ ಒಪ್ಪುವುದು. ನಿಮ್ಮದು 86, ಕ್ಲೇಮ್ ಅಲ್ಲೇ ಮುಗಿಯಿತು. "ಈ ನಂಬರಿನ ಸೆಲ್ ಲೋಡ್ ಬಿದ್ದಾಗ ಉಳಿದವುಗಳಿಗಿಂತ ಇಷ್ಟು ಕೆಳಗೆ ಹೋಗುತ್ತದೆ, ಇದು ಸೆಲ್ ದೋಷ" ಅಂತ ಬರೆಯಿರಿ. ದೋಷಕ್ಕೆ 70ರ ಗೆರೆ ಸಂಬಂಧ ಇಲ್ಲ. ಗಾಡಿಯನ್ನು 15ಕ್ಕಿಂತ ಕೆಳಗೆ ಇಳಿಸಿಕೊಂಡೇ ಹೋಗಿ, ಅವರ ಲ್ಯಾಪ್‌ಟಾಪ್‌ನಲ್ಲೂ ಅದೇ ಕಾಣಲಿ.

ಶಕ್ತಿನಗರ ರಾಯಚೂರು:

ಬಾಯಿಮಾತಲ್ಲಿ ಹೇಳಿ ಬರಬೇಡಿ. ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತಿನಲ್ಲೇ ಬರೆಸಿ, ಪ್ರತಿ ಇಸಕೊಳ್ಳಿ, ಕಂಪನಿಗೆ ಇಮೇಲ್ ಹಾಕಿ. ದೂರು ಕೊಟ್ಟ ದಿನಾಂಕ ದಾಖಲೆಯಲ್ಲಿದ್ದರೆ ವಾರಂಟಿ ಮುಗಿಯುವ ಹೊತ್ತಿಗೆ ಅದೇ ನಿಮ್ಮ ಕೈಯಲ್ಲಿರುವ ಆಧಾರ. ಆಗಲೂ ಸ್ಪಂದಿಸದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದೂ ಆಗದಿದ್ದರೆ ಬಳ್ಳಾರಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. ಕಾರಿಗೆ ಕೊಟ್ಟ ಹಣ 50 ಲಕ್ಷದ ಒಳಗಿದ್ದರೆ ಜಿಲ್ಲೆಯಲ್ಲೇ ಕೇಸು ನಡೆಯುತ್ತದೆ, ಬೆಂಗಳೂರಿಗೆ ಓಡಾಡಬೇಕಿಲ್ಲ. ತೊಂದರೆ ಶುರುವಾದ ಎರಡು ವರ್ಷದೊಳಗೆ ಹಾಕಬೇಕು, ಅದೊಂದು ನೆನಪಿರಲಿ.

ಗಂಗಾವತಿ ಟೀಚರ್:

ನಾನು ನೋಡಿದ ಕಾರಿನ ಮಾಲೀಕರಿಗೆ ಸಂಜೆ ಫೋನ್ ಮಾಡಿ, 15 ಪರ್ಸೆಂಟ್‌ಗೆ ಇಳಿಸಿ ತೋರಿಸುತ್ತೀರಾ ಅಂತ ಕೇಳಿದೆ. "ಅದೆಲ್ಲ ಯಾಕೆ ಮೇಡಂ, ಫುಲ್ ಚಾರ್ಜ್ ಮಾಡಿ ಕೊಡ್ತೀನಿ, ಓಡಿಸಿ ನೋಡಿ" ಅಂದರು. ಏನು ಮಾಡಲಿ?

ತೋರಣಗಲ್ಲು ಎಲೆಕ್ಟ್ರಿಕಲ್:

ಓಡಿಸಿ ನೋಡಿ ಅಂದಿದ್ದಾರಲ್ಲ, ಒಳ್ಳೇದೇ ಆಯಿತು. ಡಾಂಗಲ್ ಹಾಕಿಕೊಂಡು ಗಂಗಾವತಿಯಿಂದ ಕೊಪ್ಪಳಕ್ಕೆ ಹೋಗಿ ಬನ್ನಿ, ಇನ್ನೂ ಚಾರ್ಜ್ ಉಳಿದಿದ್ದರೆ ಕಾರಟಗಿ ಕಡೆಗೂ ಒಂದು ಸುತ್ತು ಹಾಕಿ, 15ಕ್ಕಿಂತ ಕೆಳಗೆ ಇಳಿಯುವವರೆಗೆ. ವಾಪಸ್ ಬರುವ ದಾರಿಯಲ್ಲಿ ಚಾರ್ಜರ್ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಮಾಲೀಕರೂ ಜೊತೆಗೆ ಬರಲಿ. ಅಷ್ಟು ದೂರ ಓಡಿಸಲು ಒಪ್ಪದಿದ್ದರೆ ಆ ಕಾರು ಬಿಟ್ಟುಬಿಡಿ, ಬೇರೆ ಸಿಗುತ್ತದೆ. ನಿಮ್ಮ ಹತ್ತಿರ ಡಾಂಗಲ್ ಇಲ್ಲದಿದ್ದರೆ ಹೇಳಿ, ಬರುವ ಭಾನುವಾರ ನಾನು ಗಂಗಾವತಿ ಕಡೆ ಬರುವುದಿದೆ, ನನ್ನದನ್ನೇ ತರುತ್ತೇನೆ.